ತಿಪ್ಪೆ, ಆಲೆಮನೆ ಮತ್ತು ಕಾರ್ಖಾನೆಯ ನೀರು: ಕರ್ನಾಟಕದ ಗೊಬ್ಬರ ಪರಂಪರೆಯ ಒಂದು ಚಾರಿತ್ರಿಕ ಅವಲೋಕನ

ಕನ್ನಡ ನುಡಿಯಲ್ಲಿ ತಿಪ್ಪೆಗೆ ಇಬ್ಬಗೆಯ ಸ್ಥಾನವಿದೆ. ಆದ ತಪ್ಪನ್ನು ಮೇಲ್ಮೇಲೆ ಮುಚ್ಚಿಹಾಕುವುದು ‘ತಿಪ್ಪೆ ಸಾರಿಸುವುದು’ ಎನಿಸಿಕೊಳ್ಳುತ್ತದೆ. ಯೋಗ್ಯತೆ ಮೀರಿ ಆಸೆಪಡುವವನು ತಿಪ್ಪೆಯ ಮೇಲೆ ಮಲಗಿ ಉಪ್ಪರಿಗೆಯ ಕನಸು ಕಾಣುತ್ತಾನೆ. ಆದರೆ ಹುಟ್ಟಿದ ಮಕ್ಕಳು ಕೈಗೆ ಹತ್ತದ ಮನೆಯಲ್ಲಿ ಮತ್ತೆ ಕೂಸು ಹುಟ್ಟಿದಾಗ ಅದನ್ನು ಒಯ್ದು ಉರುಳಿಸುತ್ತಿದ್ದುದು ಇದೇ ತಿಪ್ಪೆಯ ಮೇಲೆ. ತಿಪ್ಪಣ್ಣ, ತಿಪ್ಪಮ್ಮ, ತಿಪ್ಪವ್ವ ಎಂಬ ಹೆಸರುಗಳಲ್ಲಿ ಹಲವು ಈ ಆಚರಣೆಯಿಂದ ಬಂದವು. (ಎಲ್ಲವೂ ಅಲ್ಲ. ಚಿತ್ರದುರ್ಗ ಸೀಮೆಯ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ ಮುಂತಾದ ಹೆಸರುಗಳು ಬಹುಮಟ್ಟಿಗೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಬಂದವು. ಇವೆರಡನ್ನೂ ಒಂದೇ ಕಟ್ಟಿನಲ್ಲಿ ಕಟ್ಟುವುದು ಸರಿಯಲ್ಲ.) ದೀಪಾವಳಿಯ ಬಲಿಪಾಡ್ಯಮಿಯಂದು ದೇವರ ಕೋಣೆ, ಹೊಸ್ತಿಲು, ಕೊಟ್ಟಿಗೆಗಳ ಜೊತೆಗೆ ತಿಪ್ಪೆಗುಂಡಿಗೂ ಒಂದು ದೀಪ ಸಲ್ಲುತ್ತದೆ. ಸಂಸ್ಕೃತದ ‘ಕೃಷಿ ಪರಾಶರ’ವೂ ಮಾಘ ಮಾಸದಲ್ಲಿ ಗೊಬ್ಬರದ ರಾಶಿಯನ್ನು ಪೂಜಿಸಿ ಬಳಿಕವೇ ಅದಕ್ಕೆ ಗುದ್ದಲಿ ಹಾಕಬೇಕೆಂದು ವಿಧಿಸಿದೆ.

ಜಾನಪದ ಅಧ್ಯಯನಗಳು ಈ ನಂಬಿಕೆ, ಗಾದೆ, ಆಚರಣೆಗಳನ್ನು ಸಾಕಷ್ಟು ಸಂಗ್ರಹಿಸಿವೆ. ಆದರೆ ತಿಪ್ಪೆಯನ್ನು ಒಂದು ತಂತ್ರವಾಗಿ, ಅದರಲ್ಲೂ ನೀರನ್ನು ನಿರ್ವಹಿಸುವ ತಂತ್ರವಾಗಿ ನೋಡಿದ್ದು ಕಡಿಮೆ. ತಿಪ್ಪೆಯೆಂದರೆ ಕಸ, ಸಗಣಿ, ಬೂದಿಗಳೆಂಬ ಘನವಸ್ತುಗಳ ರಾಶಿ ಎಂಬ ತಿಳಿವಳಿಕೆ ರೂಢಿಯಲ್ಲಿದೆ. ವಾಸ್ತವದಲ್ಲಿ ದವಸ ತೊಳೆದ, ಹಣ್ಣು ಸುಲಿದ, ರಸ ಕಾಯಿಸಿದ, ದನ ಕಟ್ಟಿದ ಜಾಗಗಳಿಂದ ಹೊರಡುವ ದ್ರವವನ್ನು ಒಣವಸ್ತುವಿಗೆ ಕುಡಿಸಿ ಮಣ್ಣಿಗೆ ಮರಳಿಸುವ ವ್ಯವಸ್ಥೆಯೂ ಅದೇ ಆಗಿತ್ತು. ಈ ವ್ಯವಸ್ಥೆಯು ಮನೆಯ ಅಳತೆಯಲ್ಲಿ ಹೇಗಿತ್ತು, ಕಾರ್ಖಾನೆಯ ಅಳತೆಗೆ ಬಂದಾಗ ಎಲ್ಲಿ ಮುರಿಯಿತು, ಮತ್ತೆ ಯಾವ ರೂಪದಲ್ಲಿ ಕಾರ್ಖಾನೆಯ ಅಂಗಳಕ್ಕೇ ಬಂತು ಎಂಬುದನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮನೆಯ ನೀರಿನ ಸರದಿ

ಅಕ್ಕಿ ತೊಳೆದ ನೀರನ್ನು ಕರಾವಳಿಯಲ್ಲಿ ಅಕ್ಕಚ್ಚು ಎಂದೂ ಹಳೆ ಮೈಸೂರು ಭಾಗದಲ್ಲಿ ಕಲಗಚ್ಚು ಎಂದೂ ಕರೆಯುತ್ತಾರೆ. ಕಲಗಚ್ಚಿನಲ್ಲಿ ಅಕ್ಕಿ ತೊಳೆದ ನೀರಿನೊಡನೆ ಬಸಿದ ಗಂಜಿ, ತರಕಾರಿ ಸಿಪ್ಪೆ, ಪಾತ್ರೆಯ ಮುಸುರೆ ಎಲ್ಲವೂ ಸೇರುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ ಇದು ನೇರವಾಗಿ ತಿಪ್ಪೆಗೆ ಹೋಗುತ್ತಿರಲಿಲ್ಲ. ಅನ್ನದ ಅಂಶವಿರುವ ನೀರು ಮೊದಲು ದನದ ಬಾನಿಗೆ ಹೋಗಬೇಕು. ದನದ ಹೊಟ್ಟೆಯಿಂದ ಅದು ಸಗಣಿಯಾಗಿ, ಗಂಜಲವಾಗಿ ಹೊರಬರುತ್ತದೆ. ಆಗ ತಿಪ್ಪೆಯ ಸರದಿ. ಒಂದೇ ನೀರನ್ನು ಎರಡು ಬಾರಿ ದುಡಿಸಿಕೊಳ್ಳುವ ಈ ಕ್ರಮವನ್ನು ಯಾವ ಶಾಸ್ತ್ರಗ್ರಂಥವೂ ವಿಧಿಸಿದ್ದಲ್ಲ. ಬೆಳಗಾಗೆದ್ದು ಕೊಟ್ಟಿಗೆ ಬಳಿದು, ಬಾನಿ ತುಂಬಿಸಿ, ಹೆಡಿಗೆ ಹೊರುವ ಹೆಂಗಸರ ದಿನಚರಿಯಲ್ಲಿ ಅದು ಉಳಿದುಬಂತು. ಗೊಬ್ಬರದ ಚರಿತ್ರೆಯನ್ನು ಬರೆದವರು ನೇಗಿಲು ಹಿಡಿದವನಿಂದ ಆರಂಭಿಸುತ್ತಾರೆ. ಹೆಡಿಗೆ ಹೊತ್ತವಳಿಂದ ಆರಂಭಿಸಿದ್ದರೆ ಆ ಚರಿತ್ರೆಯ ರೂಪ ಬೇರೆಯಾಗಿರುತ್ತಿತ್ತು.

ಗಂಜಲವನ್ನು ಹಿಡಿದಿಡುವ ಜಾಣ್ಮೆ ಮಲೆನಾಡಿನಲ್ಲಿ ಅತ್ಯಂತ ಬೆಳೆದ ರೂಪವನ್ನು ತಾಳಿತು. ಉತ್ತರ ಕನ್ನಡ ಮತ್ತು ಶಿವಮೊಗ್ಗದ ಅಡಿಕೆ ಸೀಮೆಯಲ್ಲಿ ಸೊಪ್ಪಿನ ಬೆಟ್ಟದಿಂದ ತಂದ ಹಸಿಸೊಪ್ಪನ್ನು, ಬೇಸಿಗೆಯಲ್ಲಿ ದರಕನ್ನು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸುತ್ತಾರೆ. ಎಲೆಯ ಹಾಸು ಗಂಜಲವನ್ನು ಹೀರುತ್ತದೆ, ಗೊರಸು ಅದನ್ನು ತುಳಿದು ಸಗಣಿಯೊಡನೆ ಬೆರೆಸುತ್ತದೆ. ಬಳಿಕ ಅದನ್ನು ಎತ್ತಿ ಗೊಬ್ಬರಗುಂಡಿಗೆ ಹಾಕುತ್ತಾರೆ. ವಸಾಹತು ಆಡಳಿತವು ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವನ್ನು ಒಪ್ಪಿಕೊಂಡಿದ್ದರ ಹಿಂದೆ ಈ ಹಾಸಿನ ಅಗತ್ಯವಿತ್ತು. ಇಂದಿನ ವಿಜ್ಞಾನದ ಭಾಷೆಯಲ್ಲಿ ಹೇಳುವುದಾದರೆ, ಇಂಗಾಲ ಹೆಚ್ಚಿರುವ ಒಣವಸ್ತುವು ಸಾರಜನಕ ಹೆಚ್ಚಿರುವ ದ್ರವವನ್ನು ಹಿಡಿದುಕೊಳ್ಳುತ್ತದೆ. ಇವೆರಡರ ಪ್ರಮಾಣ ಸುಮಾರು 30ಕ್ಕೆ 1ರಂತೆ ಇದ್ದು, ರಾಶಿಯ ತೇವ ನೂರಕ್ಕೆ 50ರಿಂದ 60ರಷ್ಟಿದ್ದರೆ ಕೊಳೆಯುವ ಕ್ರಿಯೆ ಚುರುಕಾಗುತ್ತದೆ. ತೇವ ಹೆಚ್ಚಾದರೆ ಗಾಳಿಯಾಡದೆ ನಾತ ಬರುತ್ತದೆ, ಕಡಿಮೆಯಾದರೆ ರಾಶಿ ಕಾಯುವುದೇ ಇಲ್ಲ. ಹದವಾದ ರಾಶಿಯನ್ನು ಕೈಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಉಂಡೆ ಒಡೆಯಲೂ ಬಾರದು. ಮುಂಜಾನೆ ಹೊಗೆಯಾಡುವ ತಿಪ್ಪೆ ‘ಬೇಯುತ್ತಿರುವ’ ತಿಪ್ಪೆ ಎಂದು ರೈತರು ಗುರುತಿಸುತ್ತಿದ್ದರು.

ಅಡಿಕೆಯ ಸಂಸ್ಕರಣೆಯೇ ಇನ್ನೊಂದು ಉದಾಹರಣೆಯನ್ನು ಒದಗಿಸುತ್ತದೆ. ಎಳೆಯ ಅಡಿಕೆಯನ್ನು ಸುಲಿದು ಬೇಯಿಸಿದಾಗ ಉಳಿಯುವ ಕೆಂಪು ಒಗರುನೀರನ್ನು ಚೆಲ್ಲುವುದಿಲ್ಲ. ಅದನ್ನು ಕುದಿಸಿ ಗಟ್ಟಿಮಾಡಿ ‘ಚೊಗರು’ ಎಂದು ತೆಗೆದಿಟ್ಟು ಮುಂದಿನ ವರ್ಷದ ಅಡಿಕೆಗೆ ಬಣ್ಣ ಕೊಡಲು ಬಳಸುತ್ತಾರೆ. ಕೆಲವೆಡೆ ಇದನ್ನು ತೊಗರು ಎನ್ನುವುದೂ ಉಂಟು. ಸಿಪ್ಪೆ ತೋಟದ ಬುಡಕ್ಕೆ ಹೋಗುತ್ತದೆ. ಇಲ್ಲಿ ಸಂಸ್ಕರಣೆಯ ನೀರು ತ್ಯಾಜ್ಯವಾಗುವ ಪ್ರಸಂಗವೇ ವಿರಳ.

ಇಷ್ಟರಿಂದ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂಬ ತೀರ್ಮಾನಕ್ಕೆ ಜಿಗಿಯುವುದು ಅನುಚಿತ. ಪುಂಡಿಯ ನಾರು ತೆಗೆಯಲು ಕಟ್ಟುಗಳನ್ನು ಹಳ್ಳಕ್ಕೋ ಕೆರೆಗೋ ಹಾಕಿ ಕೊಳೆಸುವುದು, ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಹೂಳುವುದು ನಾಡಿನ ಹಳೆಯ ಪದ್ಧತಿಗಳೇ. ಆ ನೀರು ಕೊಳೆತು ನಾರುತ್ತಿತ್ತು. ಅದನ್ನು ಯಾರೂ ತಿಪ್ಪೆಗೆ ಹೊತ್ತು ತರಲಿಲ್ಲ. ಹೊರಲಾಗದಷ್ಟು ನೀರಿದ್ದಲ್ಲಿ ಜನಪದರೂ ಹರಿಯುವ ಹಳ್ಳವನ್ನೇ ನಂಬಿದ್ದರು. ಜಾನಪದ ಜ್ಞಾನದ ಶಕ್ತಿಯಷ್ಟೇ ಅದರ ಗಡಿಯೂ ಅಧ್ಯಯನಯೋಗ್ಯ. ಮುಂದೆ ಕಾರ್ಖಾನೆಗಳು ಮಾಡಿದ್ದನ್ನು ಅರಿಯಲು ಈ ಗಡಿಯನ್ನು ಗುರುತಿಸಿಕೊಳ್ಳುವುದು ಅವಶ್ಯ.

ಬರಹದ ದಾಖಲೆಗಳು

ಕನ್ನಡದಲ್ಲಿ ಈ ವಿಷಯದ ಹಳೆಯ ಲಿಖಿತ ಆಕರವೆಂದರೆ ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’. ಚಾಲುಕ್ಯ ಜಯಸಿಂಹನ ಕಾಲದ ಈ ಗ್ರಂಥದ ವೃಕ್ಷಾಯುರ್ವೇದ ಭಾಗವು ಗಿಡಮರಗಳಿಗೆ ಎರೆಯುವ ದ್ರವಗಳಿಗೆ ಗಣನೀಯ ಸ್ಥಾನ ಕೊಟ್ಟಿದೆ. ಸುರಪಾಲನ ‘ವೃಕ್ಷಾಯುರ್ವೇದ’ದಲ್ಲಿ ಬರುವ ಕುಣಪಜಲವೂ ಪ್ರಾಣಿಜನ್ಯ ವಸ್ತುಗಳನ್ನು ನೀರಿನಲ್ಲಿ ಕೊಳೆಯಿಸಿ ಮಾಡುವ ದ್ರವಗೊಬ್ಬರವೇ. ಆದರೆ ಇವು ಉದ್ಯಾನದ ಮರಗಳಿಗೆ ಹೇಳಿದ ಯೋಗಗಳು. ರಾಗಿ ಹೊಲದ ಒಕ್ಕಲು ಈ ಗ್ರಂಥಗಳನ್ನು ಓದಿ ತಿಪ್ಪೆ ಕಟ್ಟಿದನೆಂದು ಊಹಿಸಲು ಆಧಾರವಿಲ್ಲ.

ಹೊಲದ ಒಕ್ಕಲಿನ ತಿಪ್ಪೆಯ ಚಿತ್ರ ದೊರೆಯುವುದು ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ವೃತ್ತಾಂತದಲ್ಲಿ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟ ಆತ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದನು. 1807ರಲ್ಲಿ ಪ್ರಕಟವಾದ ಅವನ ವೃತ್ತಾಂತದಲ್ಲಿ ರೈತರು ಗುಂಡಿ ತೋಡಿ ದನದ ಸಗಣಿ, ಹಾಸು, ಮನೆಯ ಬೂದಿ, ಕಸಗಳನ್ನು ಕೂಡಿಡುತ್ತಿದ್ದ ವಿವರಗಳಿವೆ. ಸುಮಾರು ತೊಂಬತ್ತು ವರ್ಷಗಳ ಅನಂತರ, 1889ರಲ್ಲಿ, ಭಾರತಕ್ಕೆ ಬಂದ ಕೃಷಿ ರಸಾಯನಜ್ಞ ಜಾನ್ ಅಗಸ್ಟಸ್ ವೋಲ್ಕರ್ ತನ್ನ 1893ರ ವರದಿಯಲ್ಲಿ ಭಾರತೀಯ ರೈತನ ಕುಶಲತೆಯನ್ನು ಮುಕ್ತವಾಗಿ ಮೆಚ್ಚಿಕೊಂಡನು. ಜೊತೆಗೆ ಸಗಣಿಯು ಉರುವಲಾಗುವುದನ್ನೂ ಗಂಜಲ ವ್ಯರ್ಥವಾಗುವುದನ್ನೂ ದೋಷಗಳೆಂದು ಎತ್ತಿ ತೋರಿಸಿದನು. ಮಲೆನಾಡಿನ ಸೊಪ್ಪಿನ ಕೊಟ್ಟಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ವೋಲ್ಕರನ ಮಾತು ಬಯಲುಸೀಮೆಗೆ ಹೆಚ್ಚು ಒಪ್ಪುತ್ತದೆ. ಸೊಪ್ಪಿಲ್ಲದ ಕಡೆ ಗಂಜಲ ನೆಲಕ್ಕೆ ಇಂಗುತ್ತಿತ್ತು. ಕಾಡಿನ ಹಕ್ಕಿಗೂ ಗೊಬ್ಬರದ ಗುಣಕ್ಕೂ ಇರುವ ಈ ಸಂಬಂಧವನ್ನು ವರದಿಗಳು ಪ್ರತ್ಯೇಕ ಅಧ್ಯಾಯಗಳಲ್ಲಿ ಹಂಚಿಹಾಕಿದ್ದರಿಂದ ಅದು ಕಣ್ಣಿಗೆ ಬೀಳದೆ ಹೋಯಿತು.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ತಿಪ್ಪೆ ಪ್ರಯೋಗಾಲಯವನ್ನು ಪ್ರವೇಶಿಸಿತು. ಇದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಆದರೂ ಇಂದೋರಿಗೆ ಸಂದ ಪ್ರಸಿದ್ಧಿ ಅದಕ್ಕೆ ಸಂದಿಲ್ಲ. ಮ್ಯಾಂಚೆಸ್ಟರಿನಲ್ಲಿ ಚರಂಡಿ ನೀರಿನ ಶುದ್ಧೀಕರಣದ ಹೊಸ ವಿಧಾನಕ್ಕೆ ಪ್ರೇರಕನಾಗಿದ್ದ ಗಿಲ್ಬರ್ಟ್ ಫೌಲರ್ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಕೊಳಚೆಯ ದ್ರವದಿಂದ ಒಣಕಸವನ್ನು ಕೊಳೆಯಿಸುವ ‘ಕ್ರಿಯಾಶೀಲ ಕಾಂಪೋಸ್ಟ್’ ಪ್ರಯೋಗಗಳನ್ನು ನಡೆಸಿದನು. ದ್ರವತ್ಯಾಜ್ಯವನ್ನೂ ಘನತ್ಯಾಜ್ಯವನ್ನೂ ಕೂಡಿಸಿಯೇ ಯೋಚಿಸಬೇಕೆಂಬ ನಿಲುವು ಈ ಪ್ರಯೋಗಗಳಲ್ಲಿ ಸ್ಪಷ್ಟವಾಗಿದೆ. ಇತ್ತ 1905ರಲ್ಲಿ ಪೂಸಾಕ್ಕೆ ಬಂದಿದ್ದ ಆಲ್ಬರ್ಟ್ ಹೋವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿ ಕೆಲಸ ಮಾಡಿ, ಯಶವಂತ ವಾಡ್ ಅವರೊಡನೆ 1931ರಲ್ಲಿ ಕೃಷಿತ್ಯಾಜ್ಯಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. 30 ಅಡಿ ಉದ್ದ, 14 ಅಡಿ ಅಗಲ, 2 ಅಡಿ ಆಳದ ಗುಂಡಿ. ಅದರಲ್ಲಿ ಬೆಳೆಯ ಉಳಿಕೆ, ಸಗಣಿ, ಗಂಜಲ ಹೀರಿದ ಮಣ್ಣು, ಬೂದಿಗಳ ಪದರ. ಮೂರು ಬಾರಿ ಮಗುಚಿ ಮೂರು ತಿಂಗಳಿಗೆ ಗೊಬ್ಬರ: ಇದು ಇಂದೋರ್ ಪದ್ಧತಿಯ ಸಾರ. ಭಾರತದ ರೈತರನ್ನು ತನ್ನ ಗುರುಗಳೆಂದು ಕರೆಯುವ ಸೌಜನ್ಯ ಹೋವಾರ್ಡನಿಗಿತ್ತು. ಆದರೆ ಪದ್ಧತಿಗೆ ಊರಿನ ಹೆಸರು ಬಂತೇ ಹೊರತು ಆ ಗುರುಗಳ ಹೆಸರು ಬರಲಿಲ್ಲ. ಸಹಲೇಖಕ ವಾಡ್ ಅವರ ಹೆಸರೂ ನಂತರದ ಉಲ್ಲೇಖಗಳಲ್ಲಿ ಅನೇಕ ಕಡೆ ಬಿಟ್ಟುಹೋಗಿದೆ.

1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ ಅವರು ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಮಗುಚುವ ಕೆಲಸವಿಲ್ಲ. ಪಟ್ಟಣದ ಕಸ ಹಾಗೂ ಮಲವನ್ನು ಕಂದಕದಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮೆತ್ತಿ, ಆರರಿಂದ ಎಂಟು ತಿಂಗಳು ಬಿಟ್ಟರಾಯಿತು. ನೀರು ಕಡಿಮೆ, ಕೂಲಿ ಕಡಿಮೆ, ನೊಣದ ಕಾಟವೂ ಕಡಿಮೆ. ಪುರಸಭೆಗಳು ಇದನ್ನು ಸ್ವಾಗತಿಸಿದುದು ಸಹಜ. ಆದರೆ ಆ ಪದರವನ್ನು ಹೊತ್ತು ತಂದವರಾರು ಎಂಬ ಪ್ರಶ್ನೆಯನ್ನು ಗೊಬ್ಬರದ ಕೈಪಿಡಿಗಳು ಕೇಳಲಿಲ್ಲ. ಮಲ ಹೊರುವ ಕೆಲಸವು ಜಾತಿಯ ಹೆಗಲ ಮೇಲಿತ್ತು. ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿ ನಿಲ್ಲಬೇಕಾಯಿತು. ಕೇಂದ್ರದ ಕಾನೂನು 1993ರಲ್ಲಿ ಬಂತು, 2013ರಲ್ಲಿ ಇನ್ನೊಂದು ಕಾನೂನನ್ನು ತರಬೇಕಾಯಿತು. ತಿಪ್ಪೆಯನ್ನು ಸಂಸ್ಕೃತಿಯೆಂದು ಕೊಂಡಾಡುವ ಬರಹಗಳು ಈ ಅಧ್ಯಾಯವನ್ನು ದಾಟಿ ಹೋಗುವುದು ನಿಜಕ್ಕೂ ತಿಪ್ಪೆ ಸಾರಿಸುವ ಕೆಲಸವೇ.

ಆಲೆಮನೆಯಿಂದ ಕಾರ್ಖಾನೆಗೆ

ಆಲೆಮನೆ ಕನ್ನಡ ನಾಡಿನ ಹಳೆಯ ಸಂಸ್ಕರಣಾ ಕೇಂದ್ರ. ಗಾಣದಲ್ಲಿ ಕಬ್ಬು ಅರೆದು, ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣ ಹಾಕಿ, ಮೇಲೆದ್ದ ಕೊಳೆಯನ್ನು ತೆಗೆದು, ಹದ ನೋಡಿ ಅಚ್ಚಿಗೆ ಸುರಿಯುವವರೆಗಿನ ಕೆಲಸದಲ್ಲಿ ಹೊರಗಿನಿಂದ ನೀರು ಬೇಕಾಗುವುದು ಪಾತ್ರೆ ತೊಳೆಯಲಷ್ಟೆ. ಸಿಪ್ಪೆ ಒಣಗಿ ಅದೇ ಒಲೆಗೆ ಉರುವಲಾಗುತ್ತದೆ, ಬೂದಿ ಗದ್ದೆಗೆ ಹೋಗುತ್ತದೆ. ಕೊಪ್ಪರಿಗೆ ತೊಳೆದ ಸಿಹಿನೀರಿಗೆ ದನಗಳು ಕಾದಿರುತ್ತವೆ. ತೆಗೆದ ಕೊಳೆ ಪಕ್ಕದ ತಿಪ್ಪೆ ಸೇರುತ್ತದೆ. ದಾರಿಹೋಕರಿಗೆ ಕಬ್ಬಿನ ಹಾಲು ಕೊಡದೆ ಕಳಿಸಬಾರದೆಂಬ ಕಟ್ಟಳೆಯನ್ನು ಸೇರಿಸಿಕೊಂಡರೆ, ಆಲೆಮನೆಯಿಂದ ಹೊರಹೋಗುವ ಯಾವ ವಸ್ತುವೂ ಯಾರಿಗೂ ಬೇಡವಾದದ್ದಾಗಿರಲಿಲ್ಲ.

ಕೃಷ್ಣರಾಜಸಾಗರದ ನಾಲೆಯ ನೀರು ಮಂಡ್ಯದ ಬಯಲಿಗೆ ಹರಿದ ಬೆನ್ನಲ್ಲೇ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಇದರ ಹಿಂದಿದ್ದ ಪ್ರಮುಖರು. ಸಕ್ಕರೆ ಕಾರ್ಖಾನೆಯೊಡನೆ ಕನ್ನಡಿಗರಿಗೆ ಕಾಕಂಬಿಯೂ ಪ್ರೆಸ್‌ಮಡ್ಡೂ ಪರಿಚಯವಾದವು. ಆಲೆಮನೆಯ ಕೊಳೆಯೇ ಇಲ್ಲಿ ಪ್ರೆಸ್‌ಮಡ್ ಆಗಿ ಬೆಟ್ಟದಂತೆ ಬಿದ್ದಿತು. ರೈತರು ಅದನ್ನು ಗಾಡಿಗಳಲ್ಲಿ ಹೊಲಕ್ಕೆ ಒಯ್ದರು. ಬೆಲ್ಲದಲ್ಲಿ ಪ್ರತ್ಯೇಕವಾಗದೆ ಉಳಿಯುತ್ತಿದ್ದ ಅಂಶ ಇಲ್ಲಿ ಕಾಕಂಬಿಯಾಗಿ ಬೇರ್ಪಟ್ಟು ಮದ್ಯಸಾರದ ಬಟ್ಟಿಗೆ ಹೋಯಿತು. ಬಟ್ಟಿಯಿಂದ ಹೊರಬಿದ್ದ ಕಡುಗಂದು ಬಣ್ಣದ ಬಿಸಿ ಹುಳಿನೀರಿಗೆ ಕನ್ನಡದಲ್ಲಿ ಹೆಸರೇ ಇರಲಿಲ್ಲ. ಇಂದಿಗೂ ಅದು ‘ಸ್ಪೆಂಟ್ ವಾಶ್’.

ಒಂದು ಲೀಟರ್ ಮದ್ಯಸಾರಕ್ಕೆ 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಹುಟ್ಟುತ್ತದೆ. ನೀರಿನ ಕೊಳೆಯನ್ನು ಅಳೆಯುವ ಜೈವಿಕ ಆಮ್ಲಜನಕದ ಬೇಡಿಕೆ ಊರಿನ ಚರಂಡಿ ನೀರಿನಲ್ಲಿ ಲೀಟರಿಗೆ ಇನ್ನೂರು ಮುನ್ನೂರು ಮಿಲಿಗ್ರಾಂ ಇದ್ದರೆ, ಕಾಕಂಬಿಯ ಸ್ಪೆಂಟ್ ವಾಶ್‌ನಲ್ಲಿ ಅದು 40,000 ಮಿಲಿಗ್ರಾಂ ದಾಟುತ್ತದೆ. ಇಂಥ ನೀರು ಹಳ್ಳಕ್ಕಿಳಿದರೆ ಹಳ್ಳದ ಉಸಿರು ಕಟ್ಟುತ್ತದೆ, ಮೀನು ತೇಲುತ್ತದೆ. ಆದರೆ ಅದೇ ನೀರಿನಲ್ಲಿ ಕಬ್ಬು ಮಣ್ಣಿನಿಂದ ಹೀರಿದ ಪೊಟ್ಯಾಷ್‌ನ ದೊಡ್ಡ ಪಾಲು ಇದೆ. ಅದು ವಿಷವೆಂಬುದಕ್ಕಿಂತ ಒಂದೆಡೆ ಅತಿಯಾಗಿ ಕೂಡಿಬಿದ್ದ ಸಾರ. ‘ಕಸದಿಂದ ರಸ’ ಎಂಬ ಘೋಷಣೆ ಎಲ್ಲೆಡೆ ಕೇಳಿಬರುತ್ತದೆ. ಕಬ್ಬಿನ ಮಟ್ಟಿಗೆ ಮೊದಲು ನಡೆದದ್ದು ರಸವು ಕಸವಾದ ಪ್ರಕ್ರಿಯೆ.

ಇದಕ್ಕೆ ಉಪಾಯವಾಗಿ ಬಂದ ಜೈವಿಕ ಕಾಂಪೋಸ್ಟ್ ವಿಧಾನವನ್ನು ಸ್ವಲ್ಪ ವಿವರವಾಗಿ ನೋಡಬಹುದು. ಪ್ರೆಸ್‌ಮಡ್ಡನ್ನು ನೀರು ಇಂಗದಂತೆ ಗಟ್ಟಿಮಾಡಿದ ಅಂಗಳದಲ್ಲಿ ಉದ್ದುದ್ದ ಏರಿಗಳಾಗಿ ಹಾಕಿ, ಸೂಕ್ಷ್ಮಜೀವಿಗಳ ಹೆಪ್ಪು ಕೊಟ್ಟು, ಸ್ಪೆಂಟ್ ವಾಶನ್ನು ದಿನಬಿಟ್ಟು ದಿನ ಎರಚುತ್ತ ಯಂತ್ರದಿಂದ ಮಗುಚುತ್ತಾರೆ. ರಾಶಿಯೊಳಗಿನ ಶಾಖ 55ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಈ ಶಾಖವೇ ನೀರನ್ನು ಆವಿಯಾಗಿಸುವುದರಿಂದ ರಾಶಿ ಮತ್ತೆ ಮತ್ತೆ ದ್ರವವನ್ನು ಹೀರಬಲ್ಲದು. ಹಾಗಾಗಿಯೇ ಒಂದು ಟನ್ ಪ್ರೆಸ್‌ಮಡ್ ಎರಡೂವರೆ ಟನ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಸ್ಪೆಂಟ್ ವಾಶನ್ನು ಒಂದೂವರೆ ಎರಡು ತಿಂಗಳಲ್ಲಿ ಕುಡಿದು ಮುಗಿಸುತ್ತದೆ. ನೀರು ಗಾಳಿಗೆ ಹೋಗುತ್ತದೆ, ಸಾರ ರಾಶಿಯಲ್ಲಿ ಉಳಿಯುತ್ತದೆ. ಮುಂಜಾನೆ ಹೊಗೆಯಾಡುವ ತಿಪ್ಪೆಯೇ ಇದು.

ಇಲ್ಲಿ ಒಂದು ಸರಳ ಲೆಕ್ಕವನ್ನು ಗಮನಿಸಬೇಕು. ನೂರು ಟನ್ ಕಬ್ಬು ಅರೆದರೆ ಸುಮಾರು 3ರಿಂದ 4 ಟನ್ ಪ್ರೆಸ್‌ಮಡ್, ಸುಮಾರು 4 ಟನ್ ಕಾಕಂಬಿ ಬರುತ್ತದೆ. ಆ ಕಾಕಂಬಿಯಿಂದ ಹೆಚ್ಚುಕಡಿಮೆ ಸಾವಿರ ಲೀಟರ್ ಮದ್ಯಸಾರ, ಅದರಿಂದ ಹತ್ತು ಸಾವಿರ ಲೀಟರ್ ಆಸುಪಾಸಿನ ಸ್ಪೆಂಟ್ ವಾಶ್. ಎಂದರೆ ಒಂದೇ ಕಬ್ಬಿನಿಂದ ಹುಟ್ಟಿದ ಘನ ಮತ್ತು ದ್ರವ ತ್ಯಾಜ್ಯಗಳು ಒಂದನ್ನೊಂದು ತೀರಿಸಿಕೊಳ್ಳುವಷ್ಟು ಸರಿಹೊಂದುತ್ತವೆ. ಈ ಹೊಂದಾಣಿಕೆ ಆಕಸ್ಮಿಕವಲ್ಲ, ಎರಡೂ ಒಂದೇ ಗಿಡದ ಭಾಗಗಳು. ಆದರೆ ಬಟ್ಟಿಗಳು ಬೇರೆ ಬೇರೆ ಕಾರ್ಖಾನೆಗಳ ಕಾಕಂಬಿಯನ್ನು ಕೊಂಡು ತಂದಾಗ ಲೆಕ್ಕ ತಪ್ಪುತ್ತದೆ. ಕಾಕಂಬಿ ಲಾರಿಯಲ್ಲಿ ಬರುತ್ತದೆ, ಅದರ ಪಾಲಿನ ಪ್ರೆಸ್‌ಮಡ್ ಬರುವುದಿಲ್ಲ. ಹೀರುವ ವಸ್ತುವಿಲ್ಲದೆ ದ್ರವ ಉಳಿಯುತ್ತದೆ. ಇನ್ನೊಂದು ಕಡೆ, ಹಿಂದೆ ರೈತನ ಗಾಡಿಗೆ ಸುಲಭವಾಗಿ ದೊರೆಯುತ್ತಿದ್ದ ಪ್ರೆಸ್‌ಮಡ್ ಈಗ ಕಾರ್ಖಾನೆಗೇ ಬೇಕಾದ ಕಚ್ಚಾವಸ್ತುವಾಯಿತು. ಗೊಬ್ಬರವಾಗಿ ಚೀಲ ಸೇರಿ ಬೆಲೆ ಕಟ್ಟಿಸಿಕೊಂಡಿತು.

ಈ ಬದಲಾವಣೆಗೆ ಕಾನೂನಿನ ಒತ್ತಡವೂ ಕಾರಣ. 1974ರ ಜಲಮಾಲಿನ್ಯ ನಿಯಂತ್ರಣ ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆಗಳ ಬಳಿಕ, 2003ರಲ್ಲಿ ಕೇಂದ್ರ ಸರ್ಕಾರವು ಉದ್ಯಮಗಳೊಡನೆ ಮಾಡಿಕೊಂಡ ಸನ್ನದು ಬಟ್ಟಿಗಳು 2005ರ ಕೊನೆಯೊಳಗೆ ಸ್ಪೆಂಟ್ ವಾಶನ್ನು ಪೂರ್ತಿಯಾಗಿ ಬಳಸಿ ತೀರಿಸಬೇಕೆಂದು ಹೇಳಿತು. ಅನಂತರದ ವರ್ಷಗಳಲ್ಲಿ ಹಲವು ಬಟ್ಟಿಗಳು ಈ ದ್ರವವನ್ನು ಸಾಂದ್ರಗೊಳಿಸಿ ಬಾಯ್ಲರ್‌ಗಳಲ್ಲಿ ಉರಿಸುವ ಮಾರ್ಗವನ್ನು ಹಿಡಿದಿವೆ. ಮಳೆಗೆ ಅಂಜಬೇಕಾಗಿಲ್ಲ, ಅಂಗಳದ ಜಾಗ ಬೇಕಾಗಿಲ್ಲ. ಉರಿಸಿದಾಗ ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ, ಸಾವಯವ ಅಂಶ ಮಾತ್ರ ಹೊಗೆಯಾಗಿ ಹೋಗುತ್ತದೆ. ಕಾಂಪೋಸ್ಟಿನ ದೃಷ್ಟಿಯಿಂದ ಇದು ನಷ್ಟವೇ ಸರಿ, ಹಳ್ಳದ ದೃಷ್ಟಿಯಿಂದ ಲಾಭ. ಈ ಎರಡರ ನಡುವೆ ಯಾವುದು ಮೇಲೆಂಬುದನ್ನು ಹಳ್ಳದ ಕೆಳಭಾಗದಲ್ಲಿರುವ ಊರುಗಳನ್ನು ಕೇಳದೆ ತೀರ್ಮಾನಿಸುವುದು ಸಲ್ಲದು.

ಕಾಫಿಯ ಹುಳಿನೀರು

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಸೀಮೆಯಲ್ಲಿ ಸಮಸ್ಯೆ ಇನ್ನೊಂದು ರೂಪದಲ್ಲಿದೆ. ಕಾಫಿ ಹಣ್ಣನ್ನು ಹಾಗೆಯೇ ಒಣಗಿಸಿ ಚೆರಿ ಮಾಡುವ ಪದ್ಧತಿಗೆ ನೀರೇ ಬೇಡ. ಸಣ್ಣ ಬೆಳೆಗಾರರ ಕಣಗಳಲ್ಲಿ ನಡೆದುಬಂದದ್ದು ಹೆಚ್ಚಾಗಿ ಇದೇ. ಎಸ್ಟೇಟುಗಳು ಬೆಲೆ ಹೆಚ್ಚು ಸಿಗುವ ಪಾರ್ಚ್‌ಮೆಂಟ್ ಕಾಫಿಗಾಗಿ ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆಯನ್ನು ಹುಳಿಯಿಸಿ ತೊಳೆಯುತ್ತವೆ. ಹಣ್ಣಿನ ತೂಕದ ಸುಮಾರು ನೂರಕ್ಕೆ ನಲವತ್ತರಷ್ಟು ಸಿಪ್ಪೆಯಾಗಿ ಹೋಗುತ್ತದೆ. ತೊಳೆದ ನೀರು ಸಕ್ಕರೆ, ಪೆಕ್ಟಿನ್, ಒಗರಿನ ಅಂಶಗಳಿಂದ ತುಂಬಿ ಹುಳಿಯಾಗುತ್ತದೆ. ನೀರನ್ನು ಮರುಬಳಸದ ಹಳೆಯ ಪದ್ಧತಿಯಲ್ಲಿ ಒಂದು ಟನ್ ಕಾಫಿಗೆ ಹತ್ತಾರು ಸಾವಿರ ಲೀಟರ್ ನೀರು ಹರಿಯುತ್ತಿತ್ತು. ಕೊಯ್ಲಿನ ಕಾಲ ನವೆಂಬರಿನಿಂದ ಮಾರ್ಚಿಯವರೆಗೆ; ಹಳ್ಳಗಳು ಬಡವಾಗುತ್ತ ಹೋಗುವ ದಿನಗಳೂ ಅವೇ. ಹೇಮಾವತಿ, ಭದ್ರಾ, ಕಾವೇರಿಗಳ ತಲೆಯ ಕಡೆಯ ಝರಿಗಳಿಗೆ ಈ ನೀರು ಸೇರಿದಾಗ ಆದ ಹಾನಿಗೆ ಪ್ರಮಾಣದಷ್ಟೇ ಕಾಲವೂ ಕಾರಣ.

ಕಾಫಿ ಸಿಪ್ಪೆಯನ್ನು ಸಗಣಿ, ಸುಣ್ಣ, ತೋಟದ ಎಲೆಗಳೊಡನೆ ರಾಶಿ ಹಾಕಿ ಗೊಬ್ಬರ ಮಾಡುವುದು ತೋಟಗಳಲ್ಲಿ ಹಳೆಯ ರೂಢಿ. ಸಿಪ್ಪೆಯ ರಾಶಿ ಸಿದ್ಧವಾಗಿತ್ತು, ಹುಳಿನೀರು ಪಕ್ಕದಲ್ಲೇ ಹರಿಯುತ್ತಿತ್ತು. ಬಹುಕಾಲ ಎರಡನ್ನೂ ಕೂಡಿಸುವ ಯೋಚನೆ ಬರಲಿಲ್ಲ. ಇದಕ್ಕೆ ಒಂದು ತಾಂತ್ರಿಕ ಕಾರಣವಿದೆ: ಹಸಿಸಿಪ್ಪೆ ತಾನೇ ನೀರಿನಿಂದ ತುಂಬಿರುವುದರಿಂದ ಇನ್ನಷ್ಟನ್ನು ಹೀರಲಾರದು. ಒಣಗಿದ ತರಗೆಲೆ, ಹುಲ್ಲು, ಕಾಫಿ ಹೊಟ್ಟುಗಳನ್ನು ಸೇರಿಸಿದರೆ ಮಾತ್ರ ರಾಶಿಗೆ ಹೀರುವ ಶಕ್ತಿ ಬರುತ್ತದೆ. ಹುಳಿಯನ್ನು ಮುರಿಯಲು ಸುಣ್ಣವೂ ಬೇಕು. ಇನ್ನೊಂದು ಕಾರಣ ಸಾಮಾಜಿಕವಾದದ್ದು. ಹಳ್ಳ ತೋಟದ ಗಡಿ ದಾಟಿದ ಮೇಲೆ ಅದು ಇನ್ನೊಬ್ಬರ ನೀರು. ಕಲಗಚ್ಚನ್ನು ಬಾನಿಗೆ ಸುರಿಯುವ ಮನೆಯಲ್ಲಿ ನೀರಿನ ಫಲವೂ ನಾತವೂ ಒಂದೇ ಅಂಗಳದಲ್ಲಿದ್ದವು. ಎಸ್ಟೇಟಿನಲ್ಲಿ ಫಲ ಒಂದು ಕಡೆ, ನಾತ ಇನ್ನೊಂದು ಕಡೆ ಆಯಿತು. ನೀರನ್ನು ಮರುಬಳಸುವ ಪಲ್ಪರ್‌ಗಳು, ತೊಟ್ಟಿಗಳು ಬಂದ ಮೇಲೆ ನೀರಿನ ಪ್ರಮಾಣ ತಗ್ಗಿ ಅದನ್ನು ರಾಶಿಗೆ ಕುಡಿಸುವುದು ಸಾಧ್ಯವಾಗುವ ಅಳತೆಗೆ ಇಳಿಯಿತು.

ಅಳತೆಯ ಈ ಪ್ರಶ್ನೆ ಕನ್ನಡ ನಾಡಿಗೆ ಸೀಮಿತವಾದುದಲ್ಲ. ಮೆಡಿಟರೇನಿಯನ್ ತೀರದ ಆಲಿವ್ ಗಾಣಗಳಿಂದ ಹೊರಡುವ ಕಪ್ಪುನೀರನ್ನು ಇಂದು ಅಲ್ಲಿಯ ಸಂಶೋಧಕರು ಹುಲ್ಲು, ಆಲಿವ್ ಎಲೆ, ಸಗಣಿಗಳೊಡನೆ ಕಾಂಪೋಸ್ಟ್ ಮಾಡುತ್ತಾರೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ಲೇಖಕ ವ್ಯಾರೊ ಈ ನೀರು ಹೊಲಕ್ಕೆ ಅತಿಯಾಗಿ ಹರಿದರೆ ನೆಲ ಕಪ್ಪಾಗಿ ಬಂಜೆಯಾಗುವುದೆಂದೂ ಮಿತವಾಗಿ ಬಳಸಿದರೆ ಕೃಷಿಗೆ ಉಪಯುಕ್ತವೆಂದೂ ಆಗಲೇ ಗುರುತಿಸಿದ್ದನು. ರೋಮಿನ ಗಾಣಕ್ಕೂ ಮಂಡ್ಯದ ಬಟ್ಟಿಗೂ ಯಾವ ಐತಿಹಾಸಿಕ ನಂಟೂ ಇಲ್ಲ. ಸ್ಪೆಂಟ್ ವಾಶನ್ನು ನೇರವಾಗಿ ವರ್ಷವರ್ಷವೂ ಗದ್ದೆಗೆ ಹಾಯಿಸಿದರೆ ಮಣ್ಣಿನಲ್ಲಿ ಲವಣ ಕೂಡಿಬರುವುದೆಂಬ ಇಂದಿನ ಎಚ್ಚರಿಕೆಯಲ್ಲಿ ಅದೇ ಗಮನಿಕೆ ಸ್ವತಂತ್ರವಾಗಿ ಮರಳಿದೆ.

ಕೊನೆಯಲ್ಲಿ ಕಾಲಮಾನದ ಒಂದು ಸಂಗತಿಯನ್ನು ದಾಖಲಿಸಬಹುದು. ಕಬ್ಬು ಅರೆಯುವ ಹಂಗಾಮು ಬಹುಮಟ್ಟಿಗೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಕಾಫಿ ಕೊಯ್ಲು ನವೆಂಬರಿನಿಂದ ಮಾರ್ಚಿಯವರೆಗೆ. ಮಲೆನಾಡಿನಲ್ಲಿ ದರಕು ಉದುರುವುದೂ ಕಬ್ಬಿನ ಗದ್ದೆಯಲ್ಲಿ ರವದಿ ಒಣಗುವುದೂ ಈ ಅವಧಿಯಲ್ಲೇ. ಹಳ್ಳಿಯ ತಿಪ್ಪೆಯನ್ನು ಮುಂಗಾರಿಗೆ ಮೊದಲು, ಯುಗಾದಿಯ ಆಚೀಚೆ, ಗಾಡಿಗೆ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಮಳೆ ಬಿದ್ದ ತಿಪ್ಪೆಯ ಸಾರ ಹಳ್ಳದ ಪಾಲು ಎಂಬುದು ಅವರಿಗೆ ಗೊತ್ತಿತ್ತು. ಬಟ್ಟಿಗಳ ಕಾಂಪೋಸ್ಟ್ ಅಂಗಳಗಳಲ್ಲಿಯೂ ಮಳೆಗಾಲದಲ್ಲಿ ಸ್ಪೆಂಟ್ ವಾಶ್ ಎರಚುವ ಕೆಲಸ ನಿಲ್ಲುತ್ತದೆ, ಏರಿಗಳನ್ನು ಅದಕ್ಕೆ ಮೊದಲೇ ತೆರವು ಮಾಡಬೇಕಾಗುತ್ತದೆ. ಯಂತ್ರ ಮಗುಚುವ ಆ ಅಂಗಳದಲ್ಲಿ ದೀಪಾವಳಿಯ ಪಾಡ್ಯಮಿಯಂದು ಯಾರಾದರೂ ದೀಪವಿಡುತ್ತಾರೆಯೇ ಎಂಬುದು ಕ್ಷೇತ್ರಕಾರ್ಯ ಕೈಗೊಳ್ಳುವವರು ವಿಚಾರಿಸಬೇಕಾದ ಪ್ರಶ್ನೆ.